ಜರ್ಮನಿಯ ಕಿಟಾ: ಮೊದಲ ಮೂರು ವಾರ ರಜೆ ಎತ್ತಿಡಿ

ಬೆಂಗಳೂರಿನಿಂದ ಮ್ಯೂನಿಕ್‌ಗೋ ಸ್ಟುಟ್‌ಗಾರ್ಟ್‌ಗೋ ಕೆಲಸದ ಮೇಲೆ ಬರುವವರು ಮನೆ, ವಿಳಾಸ ನೋಂದಣಿ, ಬ್ಯಾಂಕ್ ಖಾತೆ ಎಲ್ಲವನ್ನೂ ಹೇಗೋ ದಾಟಿಬಿಡುತ್ತಾರೆ. ಪುಟ್ಟ ಮಗುವಿದ್ದರೆ ಎಡವುವುದು ಕಿಟಾದಲ್ಲಿ, ಅಂದರೆ ಅಲ್ಲಿನ ಶಿಶುವಿಹಾರದಲ್ಲಿ.

ವರ್ಷ ತುಂಬಿದ ಮಗುವಿಗೆ 2013ರ ಆಗಸ್ಟ್‌ನಿಂದ ಕಾನೂನಿನ ಪ್ರಕಾರ ಜಾಗದ ಹಕ್ಕಿದೆ. ಹಕ್ಕಿದ್ದರೂ ದೊಡ್ಡ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು, ಹಾಗಾಗಿ ವಿಳಾಸ ನೋಂದಣಿಯಾದ ಕೂಡಲೇ ಅರ್ಜಿ ಹಾಕಿ. ದಡಾರ ಲಸಿಕೆಯ ಪುರಾವೆಯಿಲ್ಲದೆ ಒಳಗೆ ಬಿಡುವುದಿಲ್ಲ: ವರ್ಷ ದಾಟಿದ್ದರೆ ಒಂದು ಡೋಸ್, ಎರಡು ವರ್ಷ ದಾಟಿದ್ದರೆ ಎರಡು. ತಾಯಿ ಕಾರ್ಡ್ ಅಥವಾ ಆಸ್ಪತ್ರೆಯ ಲಸಿಕೆ ಪುಸ್ತಕದ ಮೂಲಪ್ರತಿಯನ್ನು ಕೈಚೀಲದಲ್ಲೇ ತನ್ನಿ.

ಜಾಗ ಸಿಕ್ಕಿತೆಂದು ಮರುದಿನವೇ ಇಬ್ಬರೂ ಆಫೀಸಿಗೆ ಹೊರಡುವಂತಿಲ್ಲ. ಐನ್‌ಗೆವೋನುಂಗ್ ಎಂಬ ರೂಢಿ ಮಾಡಿಸುವ ಅವಧಿ ಇದೆ. ಅನೇಕ ಕಡೆ ನಡೆಯುವುದು ಬರ್ಲಿನ್ ಪದ್ಧತಿ. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಸುಮಾರು ಒಂದು ಗಂಟೆ ಅಲ್ಲೇ ಇದ್ದು ವಾಪಸ್ ಬರಬೇಕು. ನಾಲ್ಕನೇ ದಿನ ಮೊದಲ ಬಾರಿ ಹೊರಗೆ ಹೋಗಿ ನೋಡುವುದು. ಶಿಕ್ಷಕಿ ಎತ್ತಿಕೊಂಡಾಗ ಮಗು ಸಮಾಧಾನವಾದರೆ ಅರ್ಧ ಗಂಟೆಯವರೆಗೆ, ಆಗದಿದ್ದರೆ ಎರಡು ಮೂರು ನಿಮಿಷಕ್ಕೇ ಒಳಗೆ ಕರೆಯುತ್ತಾರೆ. ಆ ದಿನ ಸೋಮವಾರವಾದರೆ ಮಂಗಳವಾರಕ್ಕೆ ಮುಂದೂಡುತ್ತಾರೆ, ಏಕೆಂದರೆ ಎರಡು ದಿನದ ರಜೆಯಲ್ಲಿ ಮಗು ಮತ್ತೆ ಮನೆಗೆ ಅಂಟಿಕೊಂಡಿರುತ್ತದೆ. ಆಮೇಲೆ ಊಟ, ಕೊನೆಗೆ ಮಧ್ಯಾಹ್ನದ ನಿದ್ದೆ. ಎರಡು ವಾರಕ್ಕೆ ಮುಗಿಯುವ ಮಕ್ಕಳೂ ಇದ್ದಾರೆ, ನಾಲ್ಕು ವಾರ ಎಳೆಯುವವರೂ ಇದ್ದಾರೆ.

ನಮ್ಮವರು ಸಾಮಾನ್ಯವಾಗಿ ಇಲ್ಲೇ ಕೆಡಿಸಿಕೊಳ್ಳುವುದು. ಮಗು ಆಟದಲ್ಲಿ ಮುಳುಗಿದಾಗ ಮೆಲ್ಲಗೆ ಜಾರಿಕೊಳ್ಳುವುದು ನಮ್ಮಲ್ಲಿ ಜಾಣತನ. ಇಲ್ಲಿ ಅದು ದೊಡ್ಡ ತಪ್ಪು. ಹೇಳದೆ ಹೋದರೆ ಮಗು ಮರುದಿನದಿಂದ ಆಟ ಬಿಟ್ಟು ಬಾಗಿಲನ್ನೇ ಕಾಯುತ್ತದೆ. ಕಣ್ಣೆದುರೇ ಟಾಟಾ ಹೇಳಿ, ಚುಟುಕಾಗಿ, ಶಿಕ್ಷಕಿ ಕರೆಯುವ ಮುಂಚೆ ತಿರುಗಿ ಬರಬೇಡಿ. ಒಳಗಿರುವಾಗ ಮೂಲೆಯಲ್ಲಿ ಸುಮ್ಮನೆ ಕೂರಬೇಕು: ಆಡಿಸುವುದು, ಹಿಂದೆ ಹಿಂದೆ ಹೋಗಿ ತುತ್ತಿಡುವುದು ಬೇಡ. ಇವತ್ತು ಅಪ್ಪ, ನಾಳೆ ಅಜ್ಜಿ ಎಂದೂ ಬದಲಿಸಬೇಡಿ.

ತುತ್ತಿನ ಅಭ್ಯಾಸವನ್ನು ಮುಂಚೆಯೇ ಬಿಡಿಸಿದರೆ ಒಳ್ಳೆಯದು, ಕಿಟಾದಲ್ಲಿ ಮಕ್ಕಳು ತಾವೇ ತಿನ್ನುತ್ತವೆ. ಸಸ್ಯಾಹಾರಿ ಎಂದಷ್ಟೇ ಬರೆದುಕೊಟ್ಟರೆ ಮೊಟ್ಟೆ ಬಡಿಸುತ್ತಾರೆ. ಬೇಡವಾದರೆ ಅದನ್ನೂ, ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಇರುವ ಮಿಠಾಯಿಯನ್ನೂ ಹೆಸರಿಸಿ ಬರೆಯಿರಿ. ಮಳೆಯಲ್ಲೂ ಹೊರಗೆ ಆಡಿಸುವುದರಿಂದ ರಬ್ಬರ್ ಬೂಟು, ಕೆಸರಿನ ಪ್ಯಾಂಟು, ಒಳಗೆ ಹಾಕುವ ಚಪ್ಪಲಿ, ಒಂದೆರಡು ಜೊತೆ ಬಟ್ಟೆ ಬೇಕು, ಎಲ್ಲದರ ಮೇಲೂ ಹೆಸರು.

ಮನೆಯಲ್ಲಿ ಕನ್ನಡ ನಿಲ್ಲಿಸಿ ಹರಕು ಜರ್ಮನ್ ಶುರು ಮಾಡುವುದು ವ್ಯರ್ಥ. ಆ ಭಾಷೆ ಕಿಟಾದಲ್ಲೇ ಬರುತ್ತದೆ. ಬರುವುದು ಜ್ವರವೂ ಹೌದು! ಮೊದಲ ಚಳಿಗಾಲವಿಡೀ ನೆಗಡಿ, ಜ್ವರ ಬಂದರೆ ಫೋನ್ ಮಾಡಿ ಕರೆದುಕೊಂಡು ಹೋಗಿ ಎನ್ನುತ್ತಾರೆ. ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆಯಲ್ಲಿ 2024ರಿಂದ ಪ್ರತಿ ಮಗುವಿಗೆ ವರ್ಷಕ್ಕೆ ಅಪ್ಪನಿಗೆ 15, ಅಮ್ಮನಿಗೆ 15 ದಿನ ಮಗುವಿನ ಕಾಯಿಲೆಗೆಂದೇ ರಜೆ ಇದೆ. ಮಕ್ಕಳ ವೈದ್ಯರ ಚೀಟಿ ಬೇಕಾಗುತ್ತದೆ, ಆದ್ದರಿಂದ ಕಿಟಾ ಶುರುವಾಗುವ ಮುಂಚೆಯೇ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಕ್ಲಿನಿಕ್ ಹುಡುಕಿಡಿ.