ಡಬ್ಬದ ಮಾತು, ಮೀಟರಿನ ಮಾತು

ಮಂಡ್ಯದ ಮನೇಲಿ ಹೊಸ ಕಂಪ್ಯೂಟರ್ ಕೂರಿಸಿ ಮೂರು ದಿನ. ಅಪ್ಪ ದಿನಕ್ಕೆರಡು ಸಲ ಮೀಟರ್ ಬೋರ್ಡ್ ಹತ್ರ ಹೋಗಿ, ಕನ್ನಡಕ ಹಣೆಗೇರಿಸಿ ನಂಬರ್ ಓದಿಕೊಂಡು ಬರ್ತಾರೆ. ಗೃಹಜ್ಯೋತಿಯ 200 ಯೂನಿಟ್ ದಾಟಿಬಿಟ್ಟರೆ ಅಂತ ಭಯ. "ಇದು ಕರೆಂಟೇ ತಿನ್ನಾಕಿಲ್ಲ ಅಂದಿದ್ನಲ್ಲಾ ಅಂಗಡಿಯೋನು?"

ಅಂದಿದ್ದು ನಿಜ. ಜಾಹೀರಾತುಗಳೂ ಹಂಗೇ ಅಲ್ವಾ. ಇಂಟೆಲ್‌ನ ಕೋರ್ ಐ9-13900ಕೆ ಅನ್ನೋ ಕಂಪ್ಯೂಟರ್ ಚಿಪ್ ನೋಡಿ: ಮೂಲ ಲೆಕ್ಕ 125 ವ್ಯಾಟ್, ಟರ್ಬೊ, ಅಂದ್ರೆ ಜೋರು ವೇಗಕ್ಕೆ, ಏರಿದರೆ 253. ಎರಡೂ ಅವರೇ ಬರೆದಿರೋದು. ಮದುವೆ ದಲ್ಲಾಳಿ ಹುಡುಗನ ಸಂಬಳ ಜೋರಾಗಿ, ಸಾಲ ಮೆಲ್ಲಗೆ ಹೇಳೋ ಹಾಗೆ. 253ರಲ್ಲೇ ನಾಲ್ಕು ಗಂಟೆ ಓಡಿಸಿದರೆ ಒಂದು ಯೂನಿಟ್ ಸ್ವಾಹಾ. (ಅಷ್ಟೊತ್ತು ಅದನ್ನ ಹಂಗೆ ದುಡಿಸೋರು ಯಾರು? ನಂದು ಎಕ್ಸೆಲ್‌ನಲ್ಲಿ ಕಬ್ಬಿನ ಲೆಕ್ಕ.)

ನಂಗೆ ಹಿಡಿಸೋದು 1997ರ ಪೆಂಟಿಯಂ ಜಾಹೀರಾತೇ. ಚಿಪ್ ಕಾರ್ಖಾನೆಯ ಮೈಮುಚ್ಚೋ ಉಡುಪಿಗೆ ಬಣ್ಣ ಹೊಡೆಸಿ, ಮಿರಮಿರ ಮಿಂಚ್ತಾ ಕುಣಿದರು. ವ್ಯಾಟ್ ಸುದ್ದೀನೇ ಇಲ್ಲ, ಬರೀ ಡ್ಯಾನ್ಸು. ಆಮೇಲೆ 2004ರಲ್ಲಿ ಪೆಂಟಿಯಂ 4ರ ಪ್ರೆಸ್ಕಾಟ್ ಅನ್ನೋ ಚಿಪ್ ಎಷ್ಟು ಕಾಯ್ತಿತ್ತು ಅಂದ್ರೆ, ಜನ ಅದನ್ನ 'ಪ್ರೆಸ್‌ಹಾಟ್' ಅಂತ ಆಡಿಕೊಂಡರು. 2006ರಲ್ಲಿ ಕೋರ್ 2 ಡ್ಯುಯೊ 65 ವ್ಯಾಟಿಗೆ ಇಳಿದಾಗ ಉಳಿತಾಯದ ಮಾತಿಗೂ ಒಂಚೂರು ಮರ್ಯಾದೆ ಬಂತು.

ಅಪ್ಪ ಈಗ ತಾನೇ ಬಂದು ಡಬ್ಬದ ಹಿಂದೆ ಕೈ ಹಿಡಿದು ಬಿಸಿಗಾಳಿ ನೋಡಿದರು. "ಆಲೆಮನೆ ಒಲೆ ಮುಂದೆ ನಿಂತಂಗದೆ" ಅಂದ್ರು. ಒದ್ದೆ ಬನಿಯನ್ ತಂದು ಅಲ್ಲೇ ಹರವಿ ಹೋದ್ರು.