ಸಂತೆ ಜಾಗ ಮಾರುವ ಮೊದಲು

ಸೋಮವಾರದ ಸಂತೆ ಕೂರುವ ಜಾಗವನ್ನು ಮಾರುವ ಮಾತು ನಮ್ಮ ಪುರಸಭೆಯಲ್ಲಿ ಎದ್ದಿದೆ. ಊರು ಉಡುಪಿ ಕಡೆಯದು, ಹೆಸರು ಬೇಡ. ಬಸ್‌ಸ್ಟ್ಯಾಂಡ್ ಹಿಂದಿನ ಆ 38 ಸೆಂಟ್ಸ್ ಜಾಗದ ಎದುರಿಗೇ ನಮ್ಮ ಜಿನಸಿನ ಅಂಗಡಿ. ಸಂತೆಗೆ ಬಂದವರು ಹೋಗುವಾಗ ನಮ್ಮಲ್ಲಿ ಬೆಲ್ಲ, ಕೊತ್ತಂಬರಿ, ಒಣಮೆಣಸು ಕಟ್ಟಿಸಿಕೊಂಡು ಹೋಗುತ್ತಾರೆ. ವಾರದಲ್ಲಿ ವ್ಯಾಪಾರ ಜಾಸ್ತಿ ಇರುವುದು ಆ ಒಂದೇ ದಿನ. ಹಾಗಾಗಿ ಇದರಲ್ಲಿ ನನ್ನ ಹೊಟ್ಟೆಪಾಡೂ ಉಂಟು.

ಕಳೆದ ಸಾಮಾನ್ಯ ಸಭೆಯಲ್ಲಿ ಸಾರ್ವಜನಿಕರ ಕುರ್ಚಿಯಲ್ಲಿ ಕೂತಿದ್ದೆ. ಪುರಸಭೆ ಸಭೆ ಅಂದರೆ ಬರೀ ಗಲಾಟೆ ಅಂತ ಹೇಳುವವರಿದ್ದಾರೆ. ಆವತ್ತು ಹೆಚ್ಚು ಹೊತ್ತು ಹೋದದ್ದು ನಮ್ಮಂಥ ವ್ಯಾಪಾರಸ್ಥರ ವಿಷಯಕ್ಕೇ. ಉದ್ದಿಮೆ ಪರವಾನಗಿ ನವೀಕರಣ, ಮಳಿಗೆಗಳ ಬಾಡಿಗೆ ಬಾಕಿ, ಸಂತೆ ಸುಂಕ ವಸೂಲಿಯ ಹರಾಜು. ಮೀನು ಮಾರ್ಕೆಟ್ ವಿಷಯ ಬಂದಾಗ ಒಬ್ಬರು ಸದಸ್ಯೆ ಎದ್ದು ನಿಂತರು. "ಐಸ್ ಕರಗಿದ ನೀರು ಹೋಗಲಿಕ್ಕೆ ದಾರಿ ಇಲ್ಲ. ಆ ಹೆಂಗಸರು ಬೆಳಗ್ಗಿನಿಂದ ಅದೇ ನೀರಿನಲ್ಲಿ ಕಾಲಿಟ್ಟು ಕೂರುವುದು. ಇಂಜಿನಿಯರ್ ಸಾರ್, ನೀವು ಒಂದು ದಿನ ಬಂದು ಕೂತು ನೋಡಿ" ಅಂದರು. ಚರಂಡಿ ಕೆಲಸ ಅಲ್ಲೇ ಮಂಜೂರಾಯಿತು. ಸಭೆ ನಡೆಯಬೇಕಾದ್ದು ಹೀಗೆ, ಅಲ್ವಾ?

ಜಾಗದ ವಿಷಯ ಬಂದದ್ದು ಎಲ್ಲ ಮುಗಿದ ಮೇಲೆ. ಅಜೆಂಡಾದಲ್ಲಿ ಇರಲಿಲ್ಲ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ" ಅಂತ ಓದಿದರು. ಕೆಲವರು ಆಗಲೇ ಕುರ್ಚಿ ಸರಿಸಿ ಎದ್ದಿದ್ದರು. ಸಂತೆ ಜಾಗದಿಂದ ಆದಾಯ ಕಡಿಮೆ, ಮಾರಿದರೆ ಆ ಹಣದಲ್ಲಿ ಹೊಸ ಕಚೇರಿ ಕಟ್ಟಬಹುದು, ಇಷ್ಟೇ ಕಾರಣ. ಒಬ್ಬರು ಹಿರಿಯ ಸದಸ್ಯರು ಸರ್ವೆ ನಕ್ಷೆ ಕೇಳಿದರು. ಇಲ್ಲ. ಬೆಲೆ ಕಟ್ಟಿದವರು ಯಾರು ಅಂತ ಕೇಳಿದರು. ಉತ್ತರ ಬರಲಿಲ್ಲ. ಮುಂದಿನ ಸಭೆಗೆ ಇಡೋಣ ಅಂತ ಆಯಿತು. ಅವರು ಬಾಯಿಬಿಡದಿದ್ದರೆ ಆವತ್ತೇ ನಿರ್ಣಯ ಆಗಿಬಿಡುತ್ತಿತ್ತು.

ಸುಂಕದ ಲೆಕ್ಕ ಮಾತ್ರ ಹಿಡಿದರೆ ಆದಾಯ ಕಡಿಮೆಯೇ. ಆದರೆ ಅಲ್ಲಿ ಕೂರುವವರು ಯಾರು ಅಂತ ನೋಡಿ. ಬೆಳಗ್ಗೆ ಮೊದಲು ಬರುವವರು ಮಲ್ಲಿಗೆಯವರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿ ತಂದು, ಕೊಟ್ಟು, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ಬೇಕಾದ್ದು ಒಂದು ಗಂಟೆಯ ಜಾಗ. ಆಮೇಲೆ ಬಸಳೆ, ಹರಿವೆ, ಅಲಸಂಡೆ ತರುವವರು. ಹಲಸಿನ ಮರದ ಬುಡದಲ್ಲಿ ಒಬ್ಬರು ಅಮ್ಮ ಕೂರುತ್ತಾರೆ. ಗೋಣಿ ಹಾಸಿ, ಬಸಳೆಯ ಬುಡಕ್ಕೆ ನೀರು ಚಿಮುಕಿಸಿ, ಮೇಲೆ ಬಾಳೆಲೆ ಮುಚ್ಚುತ್ತಾರೆ. ಜಾಗ ಮಾರುವ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಕಾಂಪ್ಲೆಕ್ಸಲ್ಲಿ ರೂಮು ಹಿಡಿಯಲಿಕ್ಕೆ ಡೆಪಾಸಿಟ್ ಕೊಡಬೇಕಲ್ಲ ಮಗಾ, ನಾಲ್ಕು ಕಟ್ಟು ಬಸಳೆಗೆ ಯಾರು ಡೆಪಾಸಿಟ್ ಕೊಡ್ತಾರೆ?"

ಪುರಸಭೆ ತನಗೆ ಬೇಕಾದ ಹಾಗೆ ಜಾಗ ಮಾರಲಿಕ್ಕೆ ಬರುವುದಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 72ನೇ ಕಲಂ ಅದಕ್ಕೆ ಕಟ್ಟು ಹಾಕಿದೆ. ಇಷ್ಟು ಬೆಲೆಯ ಜಾಗವಾದರೆ ಸರ್ಕಾರದ ಅನುಮತಿ ಮೊದಲೇ ಬೇಕು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯೂ ಉಂಟು. ಹಿಂದಿನಿಂದ ಜನ ಕೊಟ್ಟು ಕೊಳ್ಳುತ್ತಾ ಬಂದ ಸಹಜ ಮಾರುಕಟ್ಟೆಗೆ ಅದರಲ್ಲಿ ಮಾನ್ಯತೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು. ನಮ್ಮ ಸಂತೆಯವರನ್ನು ಈ ವಿಷಯದಲ್ಲಿ ಯಾರೂ ಒಂದು ಮಾತು ಕೇಳಿಲ್ಲ.

ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ನೆನಪಿದೆಯಲ್ಲ? ಅದನ್ನು ಯಾರೂ ಮಾರಲಿಲ್ಲ, ಹೊಸದು ಕಟ್ಟಲಿಕ್ಕೆ ಅಂತಲೇ ಹಳೆಯದನ್ನು ಕೆಡವಿದ್ದು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಸಮಯ, ಸಗಟು ವ್ಯಾಪಾರವನ್ನು ಹಂಪನಕಟ್ಟೆಯಿಂದ ಬೈಕಂಪಾಡಿಯ ಎಪಿಎಂಸಿಗೆ ಕಳಿಸಿದರು. ವ್ಯಾಪಾರಿಗಳು ಕೋರ್ಟಿನವರೆಗೆ ಹೋದರು. ಒಂದು ಜಾಗದಲ್ಲಿ ಹತ್ತಿದ ಗಿರಾಕಿ ಇನ್ನೊಂದು ಜಾಗಕ್ಕೆ ಹಿಂದೆಯೇ ಬರುವುದಿಲ್ಲ ಮಾರಾಯ್ರೆ. ಜಾಗ ಪಾಲಿಕೆಯ ಕೈಯಲ್ಲೇ ಇದ್ದೂ ಇಷ್ಟು ಕಷ್ಟ. ಇಲ್ಲಿ ಮಾರಿಯೇ ಬಿಟ್ಟರೆ ನಾಳೆ ಯಾರ ಹತ್ತಿರ ಹೋಗಿ ಕೇಳುವುದು?

ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆಸ್ಪತ್ರೆಗೆಂದು ದಾನ ಕೊಟ್ಟ ಜಾಗವನ್ನು 2016ರಲ್ಲಿ ಖಾಸಗಿಯವರಿಗೆ ಲೀಸಿಗೆ ಕೊಡುವ ತೀರ್ಮಾನ ಆದಾಗ ಜನ ಬೀದಿಗಿಳಿದಿದ್ದರು. ಊರಿನ ಮಧ್ಯದ ಜಾಗ ಕೈಬಿಟ್ಟರೆ ಅಂಥದ್ದು ಮತ್ತೆ ಸಿಗುವುದಿಲ್ಲ ಅಂತ ಆಗಲೇ ಅವರಿಗೆ ಗೊತ್ತಿತ್ತು.

ಹೊಸ ಕಚೇರಿ ಬೇಡ ಅಂತ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಈಗಿನ ಕಚೇರಿಯ ರೆಕಾರ್ಡ್ ರೂಮಿನೊಳಗೆ ಬಕೆಟ್ ಇಟ್ಟದ್ದನ್ನು ನಾನೇ ನೋಡಿದ್ದೇನೆ. ಆದರೆ ಅದಕ್ಕೆ ಬೇರೆ ದಾರಿ ಹುಡುಕಲಿ. ಬಾಡಿಗೆ ಬಾಕಿ ವಸೂಲಿ ಮಾಡಲಿ. ಸಂತೆ ಜಾಗಕ್ಕೆ ಮೇಲೊಂದು ಶೀಟು, ಕೆಳಗೆ ಕಟ್ಟೆ, ಒಂದು ನಳ್ಳಿ, ಹೆಂಗಸರಿಗೆ ಶೌಚಾಲಯ ಮಾಡಲಿ. ಸುಂಕ ಸ್ವಲ್ಪ ಏರಿಸಿದರೂ ಕೊಡುತ್ತೇವೆ ಅಂತ ಕೂರುವವರೇ ಹೇಳುತ್ತಿದ್ದಾರೆ.

ಮುಂದಿನ ಸಭೆಯ ಮೊದಲು ಲಿಖಿತ ಆಕ್ಷೇಪಣೆ ಕೊಡಬೇಕು. ಬಾಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಬರುವುದಿಲ್ಲ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಜಿಲ್ಲಾಧಿಕಾರಿ ಕಚೇರಿಗೂ ಒಂದು ಪ್ರತಿ ಹೋಗಲಿ. ಸೋಮವಾರ ಬೆಳಗ್ಗೆಯಿಂದ ನಮ್ಮ ಅಂಗಡಿಯಲ್ಲಿ ಹಾಳೆ, ಪೆನ್ನು ಇಟ್ಟಿರುತ್ತೇನೆ. ಬರೆಯಲಿಕ್ಕೆ ಬಾರದವರು ಹೇಳಿದರೆ ಸಾಕು, ನಾನು ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸುತ್ತೇನೆ.