ಕೋರ್ ಡಂಪ್ ಆಯಿತಂತೆ, ಫೈಲ್ ಎಲ್ಲಿ?

ಲಿನಕ್ಸ್ ಟರ್ಮಿನಲ್‌ನಲ್ಲಿ ‘ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್’ ಎಂಬ ಸಾಲು ಕಂಡ ಕೂಡಲೇ ತಂಡದ ಕಿರಿಯರು ಅದೇ ಫೋಲ್ಡರಿನಲ್ಲಿ ಕೋರ್ ಫೈಲಿಗಾಗಿ, ಅಂದರೆ ಸತ್ತ ಪ್ರೋಗ್ರಾಮಿನ ಮೆಮೊರಿಯ ಪ್ರತಿಗಾಗಿ, ತಡಕಾಡುತ್ತಾರೆ. ಸಿಗದಿದ್ದಾಗ ನನ್ನ ಮೇಜಿನ ಬಳಿ ಬರುತ್ತಾರೆ. ಆ ಸಾಲನ್ನು ಬರೆದದ್ದು ಸತ್ತ ಪ್ರೋಗ್ರಾಂ ಅಲ್ಲ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೂಡ ಅಲ್ಲ, ನಾವು ಟೈಪ್ ಮಾಡುವ ಆದೇಶಗಳನ್ನು ಓಡಿಸುವ ಶೆಲ್. ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಮುಗಿದಾಗ ಕರ್ನಲ್ ಶೆಲ್‌ಗೆ ಒಂದು ಸಂಖ್ಯೆ ಒಪ್ಪಿಸುತ್ತದೆ. ಅದರ ಕೆಳಗಿನ 7 ಬಿಟ್‌ಗಳಲ್ಲಿ ಕೊಂದ ಸಿಗ್ನಲ್ (ಪ್ರೊಸೆಸ್‌ಗೆ ಕಳಿಸುವ, ಸಂಖ್ಯೆಯುಳ್ಳ ಸೂಚನೆ) ಯಾವುದೆಂದಿರುತ್ತದೆ, 8ನೆಯ ಬಿಟ್‌ನಲ್ಲಿ ಡಂಪ್ ಆಯಿತೋ ಇಲ್ಲವೋ ಎಂದಿರುತ್ತದೆ. ಶೆಲ್ ಅದನ್ನು ಓದಿ ಹೇಳುತ್ತದೆ ಅಷ್ಟೆ. ಫೈಲ್ ಎಲ್ಲಿಗೆ ಹೋಯಿತೆಂಬುದು ಅದಕ್ಕೂ ಗೊತ್ತಿಲ್ಲ.

ಅದನ್ನು ನಿರ್ಧರಿಸುವುದು ಕೋರ್ ಪ್ಯಾಟರ್ನ್ ಎಂಬ ಕರ್ನಲ್ ಸೆಟ್ಟಿಂಗ್. ಅಲ್ಲಿ ಮೊದಲ ಅಕ್ಷರ ಪೈಪ್ ಚಿಹ್ನೆ (|) ಆಗಿದ್ದರೆ ಕರ್ನಲ್ ಫೈಲ್ ಬರೆಯುವುದಿಲ್ಲ; ಅಲ್ಲಿ ಹೆಸರಿಸಿದ ಪ್ರೋಗ್ರಾಮನ್ನು ಎಬ್ಬಿಸಿ ಡಂಪನ್ನು ಅದರ ಬಾಯಿಗೆ ಸುರಿಯುತ್ತದೆ. ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಂಡಿ ಇರುವ ಅನೇಕ ಯಂತ್ರಗಳಲ್ಲಿ ಆ ಪ್ರೋಗ್ರಾಂ ಡಂಪನ್ನು ಕುಗ್ಗಿಸಿ ತನ್ನದೇ ಜಾಗದಲ್ಲಿ ಇಡುತ್ತದೆ. ಹುಡುಕಲು ಕೋರ್‌ಡಂಪ್‌ಸಿಟಿಎಲ್ ಎಂಬ ಆದೇಶ ಬೇಕು. ಈ ಸೆಟ್ಟಿಂಗ್ ಇಡೀ ಯಂತ್ರಕ್ಕೆ ಒಂದೇ. ಪೈಪ್ ಇದ್ದರೆ, ಕಂಟೇನರ್ (ಅದೇ ಯಂತ್ರದಲ್ಲಿ ಪ್ರೋಗ್ರಾಮನ್ನು ಬೇರ್ಪಡಿಸಿ ಓಡಿಸುವ ಆವರಣ) ಒಳಗೆ ಸತ್ತ ಪ್ರೊಸೆಸ್‌ನ ಡಂಪನ್ನು ಸ್ವೀಕರಿಸುವುದೂ ಹೊರಗಿನ ಹೋಸ್ಟ್‌ನಲ್ಲಿ ಓಡುವ ಪ್ರೋಗ್ರಾಮೇ. ಕಂಟೇನರಿನಲ್ಲಿ ಹುಡುಕಿ ಸುಸ್ತಾದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಎಲ್ಲ ಸಾವಿಗೂ ಡಂಪ್ ಇಲ್ಲ. 11 (ಸೆಗ್ಮೆಂಟೇಶನ್ ಫಾಲ್ಟ್), 6 (ಅಬಾರ್ಟ್), 8 (ಲೆಕ್ಕದ ದೋಷ) ಇಂಥ ಸಿಗ್ನಲ್‌ಗಳಿಗೆ ಉಂಟು, ನೇರವಾಗಿ ಕೊಲ್ಲುವ 9ಕ್ಕೆ ಇಲ್ಲ. ಮೆಮೊರಿ ಸಾಲದೆ ಕರ್ನಲ್ ಕೊಂದರೆ ಅದು 9. ಶೆಲ್ ಸಿಗ್ನಲ್ ಸಂಖ್ಯೆಗೆ 128 ಕೂಡಿಸಿ ಹೇಳುತ್ತದೆ; 137 ಎಂದರೆ ಡಂಪ್ ಹುಡುಕಬೇಡಿ, 139 ಎಂದರೆ ಹುಡುಕಿ.

ನನಗೆ ನಿಜವಾಗಿ ಕೋಪ ಬರಿಸುವುದು ‘ಸ್ನೇಹಪರ’ ಲೈಬ್ರರಿಗಳು. 11ನೆಯ ಸಿಗ್ನಲನ್ನು ತಾವೇ ಹಿಡಿದು, ಕ್ಷಮೆ ಕೋರುವ ಒಂದು ಸಾಲು ಮುದ್ರಿಸಿ, ಮರ್ಯಾದೆಯಿಂದ ಎಕ್ಸಿಟ್ ಮಾಡುತ್ತವೆ. ಕರ್ನಲ್ ಲೆಕ್ಕದಲ್ಲಿ ಅದು ಸಹಜ ಮುಕ್ತಾಯ, ಸಾಕ್ಷ್ಯವೆಲ್ಲ ಮಣ್ಣುಪಾಲು. ಇನ್ನು ಕೆಲವು ಹಾಗೆ ಹಿಡಿದ ಮೇಲೆ ಮೆಮೊರಿ ಬೇಡಲು ಹೋಗುತ್ತವೆ; ಆ ಹೊತ್ತಿಗೆ ಹೀಪ್‌ನ (ಕೇಳಿದಾಗ ಮೆಮೊರಿ ಹಂಚುವ ಜಾಗದ) ಬೀಗ ಅದೇ ಥ್ರೆಡ್‌ನ ಕೈಯಲ್ಲಿದ್ದರೆ ಪ್ರೊಸೆಸ್ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಮಹಜರು ಮಾಡುವವರು ಹೊರಗಿನವರೇ ಆಗಿರಬೇಕು. ವಿಂಡೋಸ್ ಇದನ್ನು ಚೆನ್ನಾಗಿ ಅರಿತಿದೆ: ವರ್‌ಫಾಲ್ಟ್ ಎಂಬ ಬೇರೆಯೇ ಪ್ರೊಸೆಸ್ ಬಂದು ಡಂಪ್ ತೆಗೆಯುತ್ತದೆ. ರಿಜಿಸ್ಟ್ರಿಯಲ್ಲಿ ಲೋಕಲ್‌ಡಂಪ್ಸ್ ಕೀ ಸೇರಿಸಿದರೆ ಯಂತ್ರದಲ್ಲೇ ಉಳಿಸುತ್ತದೆ, ಬೇರೆ ಸಂಖ್ಯೆ ಕೊಡದಿದ್ದರೆ ಕೊನೆಯ 10 ಮಾತ್ರ.

ಲಿನಕ್ಸ್‌ನ ಡಂಪ್ ಒಂದು ಇಎಲ್‌ಎಫ್ ಫೈಲ್, ಲಿನಕ್ಸ್ ಪ್ರೋಗ್ರಾಂಗಳದ್ದೇ ರೂಪ. ಮೊದಲು ಟಿಪ್ಪಣಿಗಳು: ಪ್ರತಿ ಥ್ರೆಡ್‌ನ ರಿಜಿಸ್ಟರ್‌ಗಳು, ಯಾವ ವಿಳಾಸದಲ್ಲಿ ಯಾವ ಫೈಲ್ ಮ್ಯಾಪ್ ಆಗಿತ್ತು ಎಂಬ ಪಟ್ಟಿ. ಆಮೇಲೆ ಮೆಮೊರಿ. ಬರೀ ಸೊನ್ನೆಯ ಪುಟಗಳನ್ನು ಕರ್ನಲ್ ಬರೆಯದೆ ಹಾರಿಸುವುದರಿಂದ, ಎಲ್‌ಎಸ್ ತೋರಿಸುವ ಗಾತ್ರ ಕಂಡು ಎದೆ ಒಡೆದುಕೊಳ್ಳುವ ಮೊದಲು, ನಿಜವಾಗಿ ಹಿಡಿದ ಜಾಗ ತೋರಿಸುವ ಡಿಯು ಓಡಿಸಿ. ಡಿಸ್ಕ್ ಮೇಲೆ ಎಷ್ಟೋ ಕಡಿಮೆ ಇರುತ್ತದೆ. ಪ್ರೋಗ್ರಾಮಿನ ಕೋಡ್ ಸಾಮಾನ್ಯವಾಗಿ ಇದರಲ್ಲಿ ಇರುವುದೇ ಇಲ್ಲ, ಅದು ಹೇಗೂ ಡಿಸ್ಕ್‌ನಲ್ಲಿದೆಯಲ್ಲ ಎಂಬ ನಂಬಿಕೆ. ಹಾಗಾಗಿ ಅಂದು ಓಡುತ್ತಿದ್ದ ಅದೇ ಬೈನರಿ ಮತ್ತು ಅದರ ಡೀಬಗ್ ಮಾಹಿತಿ ಕೈಯಲ್ಲಿಲ್ಲದಿದ್ದರೆ ಜಿಡಿಬಿ ಎಂಬ ಡೀಬಗರ್ ಬರೀ ಪ್ರಶ್ನಾರ್ಥಕ ಚಿಹ್ನೆಗಳನ್ನು ಸಾಲಾಗಿ ತೋರಿಸುತ್ತದೆ. ಇದೇ ಕಾರಣಕ್ಕೆ ಬಿಡುಗಡೆಯಾದ ಪ್ರತಿ ಬೈನರಿಯನ್ನೂ ಬಿಲ್ಡ್ ಐಡಿ (ಆ ಬೈನರಿಯ ಗುರುತು) ಸಮೇತ ಕಾಪಿಡಬೇಕೆಂದು ನಾನು ಹಟ ಹಿಡಿಯುವುದು.

ಡಂಪನ್ನು ಹೊರಗಿನವರಿಗೆ ಕಳುಹಿಸುವ ಮೊದಲು ಫೈಲಿನೊಳಗಿನ ಓದಬಲ್ಲ ಪಠ್ಯ ಹೆಕ್ಕುವ ಸ್ಟ್ರಿಂಗ್ಸ್ ಆದೇಶವನ್ನು ಒಮ್ಮೆ ಓಡಿಸಿ ನೋಡುತ್ತೇನೆ. ಡೇಟಾಬೇಸ್ ಪಾಸ್‌ವರ್ಡ್, ಯಾರದೋ ಸೆಷನ್ ಟೋಕನ್ ಎಲ್ಲವೂ ಅಚ್ಚುಕಟ್ಟಾಗಿ ಕುಳಿತಿರುತ್ತವೆ. ಲಿನಕ್ಸ್ 3.4ರಿಂದ ಇಂಥ ಪುಟಗಳನ್ನು ಡಂಪ್‌ಗೆ ಸೇರಿಸಬೇಡ ಎಂದು ಪ್ರೋಗ್ರಾಮೇ ಎಂಅಡ್ವೈಸ್ ಕರೆಯ ಮೂಲಕ ಹೇಳಬಹುದು. ಬಹಳಷ್ಟು ಪ್ರೋಗ್ರಾಂಗಳು ಹೇಳುವುದಿಲ್ಲ.